ಮ್ಯೂಸಿಯಂ ಆಮೇಲೆ, ಮೊದಲು ಪಟ್ಟಿ: ಕಂಪನಿಯ ಹಳೇ ದಫ್ತರ ಉಳಿಸಲು ಪ್ರತಿಷ್ಠಾನ ಕಟ್ಟುವ ಬಗೆ

ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಹಳೇ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಗುಜರಿಯವನು ತಕ್ಕಡಿ ಹಾಕಿಕೊಂಡು ನಿಂತಿದ್ದ. ಆಫೀಸಿನ ಹಿಂದಿನ ಕೋಣೆಯಿಂದ ಗಂಟು ಗಂಟು ಕಾಗದ ಹೊರಗೆ ಬರುತ್ತಿತ್ತು. ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಸುಮ್ನೆ ಒಂದು ಗಂಟು ಬಿಚ್ಚಿ ನೋಡಿದೆ. ಹಾಜರಿ ಪುಸ್ತಕ. ಹೆಸರಿನ ಮುಂದೆ ಸಹಿ ಇಲ್ಲ, ಪುಟದ ತುಂಬಾ ಹೆಬ್ಬೆಟ್ಟು. ಅಷ್ಟೊತ್ತಿಗೆ ಎರಡು ಗಾಡಿ ಹೋಗಿಯಾಗಿತ್ತು.

"ಇಟ್ಕೊಂಡು ಏನ್ ಮಾಡ್ತೀರಿ ಸಾಹೇಬ್ರ? ಎಂಟು ವರ್ಷ ಆದ ಮ್ಯಾಲೆ ಸರ್ಕಾರಾನೇ ಕೇಳಂಗಿಲ್ಲ" ಅಂದರು ಮುನೀಮರು.

ಅವರ ಮಾತು ಸುಳ್ಳಲ್ಲ. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಟ್ಟರೆ ಸಾಕು. ಮೀಟಿಂಗುಗಳ ನಡಾವಳಿ ಪುಸ್ತಕವನ್ನು ಮಾತ್ರ ಶಾಶ್ವತವಾಗಿ ಇಡಬೇಕು. ಹಾಗಾಗಿ ನಮ್ಮ ಕಡೆ ಕಂಪನಿಗಳ ಚರಿತ್ರೆ ಪ್ರತಿ ಎಂಟು ವರ್ಷಕ್ಕೊಮ್ಮೆ ಕಿಲೋ ಲೆಕ್ಕದಲ್ಲಿ ಹೊರಗೆ ಹೋಗುತ್ತದೆ. ಆ ಮಿಲ್ಲಿನ ಮನೆತನ ಆಮೇಲೆ ಒಂದು ಪ್ರತಿಷ್ಠಾನ ಮಾಡಿತು, ಉಳಿದ ದಫ್ತರದ ಕೆಲಸ ನನ್ನ ತಲೆಗೆ ಬಂತು. ಅಲ್ಲಿ ಮಾಡಿದ ತಪ್ಪುಗಳನ್ನೂ ಸೇರಿಸಿಯೇ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ.

ಇದು ಜಿನ್‌ಗಳಿಗೆ ಮಾತ್ರ ಅಲ್ಲ. ರೈಸ್ ಮಿಲ್ಲು, ಎಣ್ಣೆ ಮಿಲ್ಲು, ಗಣಿ ಕಂಪನಿ, ಯಾವುದಾದರೂ ಸರಿ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಅದಾದ ಮೇಲೆ ಮುಚ್ಚಿದ ಗಣಿ ಆಫೀಸುಗಳಲ್ಲಿ ಏನೇನಿತ್ತು ಅಂತ ಯೋಚಿಸಿ ನೋಡಿ.

ಹಂತ 1: ಬೀಗ ಹಾಕಿ

ಮೊದಲ ದಿನ ಒಂದೇ ಕೆಲಸ. ಹಳೇ ಕಾಗದ ಇರುವ ಪ್ರತಿ ಕೋಣೆಗೂ ಬೀಗ ಹಾಕಿ, ಕೀಲಿ ಒಬ್ಬರ ಹತ್ತಿರ ಇರಲಿ. "ಲಿಖಿತ ಒಪ್ಪಿಗೆ ಇಲ್ಲದೆ 1990ಕ್ಕಿಂತ ಹಿಂದಿನ ಯಾವ ಕಾಗದವನ್ನೂ ಮಾರಬಾರದು, ಸುಡಬಾರದು" ಅಂತ ಎಂಡಿ ಸಹಿಯ ಒಂದು ಸಾಲಿನ ಸುತ್ತೋಲೆ ಹೊರಡಿಸಿ. ವರ್ಷ ಯಾವುದು ಅನ್ನೋದು ನಿಮ್ಮ ಇಷ್ಟ. ಆದರೆ ಒಂದು ವರ್ಷ ನಮೂದಿಸಿ. ಇಲ್ಲದಿದ್ದರೆ ಯಾವುದು ಹಳೇದು ಅಂತ ಗುಮಾಸ್ತರು ತೀರ್ಮಾನ ಮಾಡುತ್ತಾರೆ. ದೀಪಾವಳಿ ಹತ್ತಿರ ಬಂತು ಅಂದರೆ ಎಲ್ಲವೂ ಹಳೇದೇ.

ಆಮೇಲೆ ಕಂಪೌಂಡ್ ಪೂರ್ತಿ ಒಂದು ಸುತ್ತು ಹಾಕಿ. ಕಾಗದ ಬರೀ ಆಫೀಸಿನಲ್ಲಿ ಇರುವುದಿಲ್ಲ. ನಮಗೆ ಸಿಕ್ಕಿದ್ದು ಎಲ್ಲೆಲ್ಲಿ ಗೊತ್ತಾ? ತೂಕದ ಮನೆಯ ಅಟ್ಟ, ಫಿಟ್ಟರ್ ಕೋಣೆಯ ಟೂಲ್ ಕಪಾಟು, ಮಾಲೀಕರ ಮನೆಯ ಮಂಚದ ಕೆಳಗಿನ ಟ್ರಂಕು, ನಿವೃತ್ತ ಮೇಸ್ತ್ರಿಯೊಬ್ಬರ ಮನೆಯ ದೇವರ ಗೂಡು. ಆ ಗೂಡಿನಲ್ಲಿ ಇದ್ದದ್ದು ಮೊದಲ ಎಂಜಿನ್ ತಂದಾಗಿನ ಫೋಟೋ, ಕುಂಕುಮ ಹಚ್ಚಿ ಇಟ್ಟಿದ್ದರು. ನಾವು ಆ ಫೋಟೋ ಕೇಳಲಿಲ್ಲ. ಅವರ ಮನೆಯಲ್ಲೇ ಸ್ಕ್ಯಾನ್ ಮಾಡಿಕೊಂಡು, ಒಂದು ಪ್ರಿಂಟ್ ಹಾಕಿಸಿ ಕೊಟ್ಟು ಬಂದೆವು.

ಹಂತ 2: ಪ್ರತಿಷ್ಠಾನದ ಕಾಗದ ಪತ್ರ

ದಾರಿ ಮೂರಿವೆ. ಸಾರ್ವಜನಿಕ ಟ್ರಸ್ಟ್ ಮಾಡಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಸಂಘ ಮಾಡಬಹುದು. ಇಲ್ಲವೇ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ ಕಂಪನಿ. ಸಣ್ಣ ಮನೆತನದ ವ್ಯವಹಾರಕ್ಕೆ ಟ್ರಸ್ಟ್ ಸಲೀಸು. ದೊಡ್ಡ ಕಂಪನಿ, ಹೊರಗಿನ ದುಡ್ಡೂ ಬರಬೇಕು ಅನ್ನುವವರಿಗೆ 8ನೇ ಸೆಕ್ಷನ್ ವಾಸಿ.

ಇನ್ನು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವಿಷಯ. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಾಯ್ದೆಯ 7ನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ, ಐತಿಹಾಸಿಕ ಕಟ್ಟಡಗಳ ದುರಸ್ತಿ, ಸಾರ್ವಜನಿಕ ಗ್ರಂಥಾಲಯ, ಕರಕುಶಲ ಕಲೆ ಎಲ್ಲ ಇವೆ. ಹಾಗಂತ ನಿಮ್ಮ ಕಡತಗಳನ್ನು ನಿಮಗೋಸ್ಕರವೇ ಜೋಡಿಸಿಟ್ಟುಕೊಂಡು ಅದನ್ನು ಸಿಎಸ್‌ಆರ್ ಅನ್ನಲು ಆಗುವುದಿಲ್ಲ. ಕಂಪನಿಯ ಮಾಮೂಲಿ ಕೆಲಸ, ಬರೀ ಸ್ವಂತ ನೌಕರರಿಗೆ ಲಾಭ ಆಗುವ ಕೆಲಸ, ಎರಡೂ ಲೆಕ್ಕಕ್ಕೆ ಬರುವುದಿಲ್ಲ. ಊರಿನ ಜನ ಬಂದು ಓದುವ ಹಾಗೆ ಇರಬೇಕು. ಮೊದಲೇ ಆಡಿಟರ್ ಹತ್ತಿರ ಕೂತು ಮಾತಾಡಿ. ಸಿಎಸ್‌ಆರ್ ದುಡ್ಡು ತಗೊಳ್ಳುವ ಪ್ರತಿಷ್ಠಾನ ಸಿಎಸ್‌ಆರ್-1 ಅರ್ಜಿ ಹಾಕಿ ನೋಂದಣಿ ಮಾಡಿಸಬೇಕು, 2021ರ ಏಪ್ರಿಲ್‌ನಿಂದ ಇದು ಕಡ್ಡಾಯ.

ಇದೆಲ್ಲ ಆಡಿಟರ್ ನೋಡಿಕೊಳ್ಳುತ್ತಾರೆ. ಟ್ರಸ್ಟ್ ಡೀಡಿನಲ್ಲಿ ನೀವೇ ಹಟ ಹಿಡಿದು ಬರೆಸಬೇಕಾದ ಸಾಲು ಎರಡು. ಒಂದು, ಕಂಪನಿ ಮಾರಾಟ ಆದರೆ ಅಥವಾ ಮುಚ್ಚಿದರೆ ದಫ್ತರ ಯಾರಿಗೆ ಹೋಗಬೇಕು ಅನ್ನೋದು. ಹಳೇ ದಾಖಲೆ ಕಾಪಾಡುವ ರಾಜ್ಯ ಪತ್ರಾಗಾರವೋ ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ, ಅವರನ್ನು ಕೇಳಿ ಒಪ್ಪಿಸಿ ಹೆಸರು ಬರೆಸಿ. ಎರಡನೆಯದು, ಒಮ್ಮೆ ಪಟ್ಟಿಗೆ ಸೇರಿದ ಕಾಗದವನ್ನು ಮಾಲೀಕರ ಮನೆಯವರೂ ವಾಪಸ್ ತೆಗೆಯುವಂತಿಲ್ಲ ಅಂತ. ಯಾಕೆ ಅಂದರೆ ಅಪಘಾತದ ರಿಜಿಸ್ಟರು, ಮುಷ್ಕರದ ನೋಟಿಸು, ಕೋರ್ಟಿನ ಕಾಗದ ಕೈಗೆ ಬಂದಾಗ "ಇದೊಂದು ಬೇಡ ಬಿಡಿ" ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಆ ಒಂದನ್ನು ಬಿಟ್ಟರೆ ಉಳಿಯುವುದು ಸನ್ಮಾನದ ಫೋಟೋ ಆಲ್ಬಮ್ ಅಷ್ಟೇ.

ಹೊರಗೆ ಇದು ಹೊಸ ಕೆಲಸವೇನಲ್ಲ. ಜರ್ಮನಿಯ ಎಸೆನ್ ಊರಿನ ಕ್ರುಪ್ ಕಂಪನಿ 1905ರಲ್ಲೇ ತನ್ನ ಪತ್ರಾಗಾರ ಮಾಡಿಕೊಂಡಿತು. ಇಟಲಿಯ ಬೆರ್ಗಾಮೊ ಹತ್ತಿರದ ಡಾಲ್ಮಿನೆ ಉಕ್ಕಿನ ಕೊಳವೆ ಮಾಡುವ ಊರು, ನಮ್ಮ ತೋರಣಗಲ್ಲಿನ ಹಾಗೆ ಕಾರ್ಖಾನೆಯಿಂದಲೇ ಬೆಳೆದದ್ದು. ಅಲ್ಲಿನ ಕಂಪನಿ 1999ರಲ್ಲಿ ಇದಕ್ಕೆಂದೇ ಪ್ರತಿಷ್ಠಾನ ಕಟ್ಟಿತು. ನಮ್ಮಲ್ಲಿ ಟಾಟಾದವರ ಕೇಂದ್ರ ಪತ್ರಾಗಾರ 1991ರಲ್ಲಿ ಶುರುವಾಯಿತು, ಈಗ ಪುಣೆಯಲ್ಲಿದೆ, ಗೋದ್ರೆಜ್‌ನವರದು 2006ರಿಂದ ಮುಂಬೈಯಲ್ಲಿದೆ. ಹೋಗಿ ನೋಡಿ ಬನ್ನಿ, ಒಂದು ದಿನ ನೋಡಿದರೆ ಅರ್ಧ ಪ್ರಶ್ನೆ ತೀರುತ್ತವೆ.

ಹಂತ 3: ಪಟ್ಟಿ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಪ್ರತಿಷ್ಠಾನ ಅಂದ ಕೂಡಲೇ ಎಲ್ಲರೂ ಕಟ್ಟಡದ ಪ್ಲಾನ್ ತೆಗೆಯುತ್ತಾರೆ. ಗಾಜಿನ ಕಪಾಟು, ಸ್ಥಾಪಕರ ಪುತ್ಥಳಿ, ಉದ್ಘಾಟನೆಗೆ ಮಂತ್ರಿ. ಎರಡು ವರ್ಷ ಆದಮೇಲೆ ಕಪಾಟಿನಲ್ಲಿ ಆರು ಫೋಟೋ, ಗೋಡೌನಿನಲ್ಲಿ ಗೆದ್ದಲು. ಹಾಗಾಗಬಾರದು ಅಂದರೆ ಮೊದಲ ವರ್ಷ ಒಂದು ಟೇಬಲ್, ಇಬ್ಬರು ಮನುಷ್ಯರು, ಒಂದು ರಿಜಿಸ್ಟರ್, ಅಷ್ಟೇ ಇರಲಿ.

ನಾವು ಮಾಡಿದ ದೊಡ್ಡ ತಪ್ಪು ಇಲ್ಲಿಯದೇ. ಮೊದಲ ವಾರದ ಉತ್ಸಾಹದಲ್ಲಿ ಗಂಟುಗಳನ್ನೆಲ್ಲ ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಿಬಿಟ್ಟೆವು. ನೋಡಲು ಚಂದ ಕಾಣಿಸಿತು. ಆಮೇಲೆ ಗೊತ್ತಾಯಿತು, ಒಂದೊಂದು ಗಂಟೂ ಒಬ್ಬೊಬ್ಬ ಅಡತಿ (ಕಮಿಷನ್) ವ್ಯಾಪಾರಿಯದು. ಅವನ ಪತ್ರ, ಅವನ ಹತ್ತಿಯ ತೂಕದ ಚೀಟಿ, ಅವನ ಹುಂಡಿ (ದುಡ್ಡು ಕೊಡುವಂತೆ ಬರೆದ ಚೀಟಿ), ಜಗಳ ಆದಾಗ ಬರೆದ ಕಾರ್ಡು, ಎಲ್ಲ ಒಂದೇ ಬಟ್ಟೆಯಲ್ಲಿ ಕಟ್ಟಿದ್ದರು. ಕಟ್ಟಿದ ಕ್ರಮವೇ ಒಂದು ಮಾಹಿತಿ ಆಗಿತ್ತು, ಅದನ್ನು ನಾವೇ ಕೆಡಿಸಿದೆವು. ಮತ್ತೆ ಹೊಂದಿಸಲು ಏಳು ತಿಂಗಳು ಬೇಕಾಯಿತು, ಕೆಲವು ಇವತ್ತಿಗೂ ಹೊಂದಿಲ್ಲ.

ಹಾಗಾಗಿ ಮೊದಲು ಕೋಣೆಯ ಫೋಟೋ ತೆಗೆಯಿರಿ. ಪ್ರತಿ ಕಪಾಟು, ಪ್ರತಿ ಗೂಡು. ಆಮೇಲೆ ಗಂಟು ಬಿಚ್ಚದೆಯೇ ನಂಬರ್ ಚೀಟಿ ಕಟ್ಟಿ. ರಿಜಿಸ್ಟರಿನಲ್ಲಿ ಇಷ್ಟು ಬರೆಯಿರಿ: ನಂಬರು, ಎಲ್ಲಿ ಸಿಕ್ಕಿತು, ಯಾರ ವಿಭಾಗದ್ದು, ಯಾವ ವರ್ಷದಿಂದ ಯಾವ ವರ್ಷ, ಯಾವ ಭಾಷೆ, ಎಷ್ಟು ದಪ್ಪ, ಏನು ಸ್ಥಿತಿ. ಓದಲು ಬಾರದಿದ್ದರೆ "ಓದಲಾಗಲಿಲ್ಲ" ಅಂತ ಬರೆದು ಮುಂದೆ ಹೋಗಿ. ಒಂದೊಂದು ಪತ್ರ ಓದುತ್ತಾ ಕೂತರೆ ಮುಗಿಯುವುದಿಲ್ಲ, ನಂಬಿ. ಹಳೇ ಪತ್ರ ಓದುವುದು ಒಂದು ಚಟ.

ಎರಡನೇ ಸುತ್ತಿನಲ್ಲಿ ಒಳಗೆ ಇಳಿಯಿರಿ. ಪತ್ರಾಗಾರದವರು ಜಗತ್ತಿನಾದ್ಯಂತ ಪಾಲಿಸುವ ಒಂದು ಕ್ರಮ ಇದೆ: ಇಡೀ ಸಂಗ್ರಹ, ಅದರೊಳಗೆ ಸರಣಿ, ಸರಣಿಯೊಳಗೆ ಕಡತ, ಕಡತದೊಳಗೆ ಬಿಡಿ ಕಾಗದ. ನಮ್ಮ ಸರಣಿಗಳು ಹೀಗಿವೆ: ಕಿರ್ದಿ (ದಿನದ ಲೆಕ್ಕ), ಖಾತೆ, ಹಾಜರಿ ಮತ್ತು ಬಟವಾಡೆ (ಕೂಲಿ ಹಂಚಿಕೆ), ಬೇಲ್ (ಒತ್ತಿ ಕಟ್ಟಿದ ಹತ್ತಿ ಮೂಟೆ) ರಿಜಿಸ್ಟರ್, ಯಂತ್ರದ ನಕ್ಷೆ, ಪತ್ರ ವ್ಯವಹಾರ, ಫೋಟೋ, ವಸ್ತುಗಳು. ಇದನ್ನು ಹಾಕಲು ಆಟಮ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಮೊದಲ ವರ್ಷ ಎಕ್ಸೆಲ್ ಸಾಕು.

ಎಲ್ಲವನ್ನೂ ಇಡಬೇಕಾ? ಬೇಡ. ಖಾಲಿ ಫಾರಂ, ಒಂದೇ ಸುತ್ತೋಲೆಯ ನಲವತ್ತು ಪ್ರತಿ, ಬ್ಯಾಂಕಿನ ಡೈರಿ ಇವೆಲ್ಲ ಹೋಗಲಿ. ಬಿಸಾಡಿದ್ದರ ಪಟ್ಟಿಯನ್ನೂ ಇಡಿ. ಕೋರ್ಟಿನಲ್ಲಿ ಕೇಸ್ ನಡೆಯುತ್ತಿರುವ ಕಾಗದವನ್ನು ವಕೀಲರನ್ನು ಕೇಳದೆ ಮುಟ್ಟಬೇಡಿ.

ಹಂತ 4: ಓದಲು ಬಾರದ ದಫ್ತರ

ಇದು ನಮ್ಮ ಮೂರು ಜಿಲ್ಲೆಗಳ ವಿಶೇಷ ಕಷ್ಟ. ಬೆಂಗಳೂರಿನ ತಜ್ಞರಿಗೂ ಥಟ್ಟನೆ ಹೊಳೆಯುವುದಿಲ್ಲ.

ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲಿತ್ತು. ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ. ನಮ್ಮ ಕಂಪನಿಗೆ ರಾಯಚೂರಿನಲ್ಲಿ ಜಿನ್, ಬಳ್ಳಾರಿಯಲ್ಲಿ ಹತ್ತಿ ಒತ್ತಿ ಬೇಲ್ ಕಟ್ಟುವ ಪ್ರೆಸ್. ಹಾಗಾಗಿ ಒಂದೇ ಕಂಪನಿಯ ಕಾಗದ ಈ ಕಡೆ ಉರ್ದು, ಆ ಕಡೆ ಇಂಗ್ಲಿಷು ಮತ್ತು ತೆಲುಗು, ನಡುವೆ ಕನ್ನಡದ ಕಿರ್ದಿ.

ತಾರೀಖಿನಲ್ಲೂ ಗೊಂದಲ. ನಿಜಾಮರ ಕಾಲದ ಕಾಗದದಲ್ಲಿ ಫಸಲಿ ವರ್ಷ, ಅಂದರೆ ಕಂದಾಯ ಲೆಕ್ಕದ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1350 ಅಂದರೆ 1940-41. ಹೊಸಬರು 1350 ನೋಡಿ ಬಹಮನಿ ಕಾಲದ್ದಾ ಅಂತ ಬೆಚ್ಚಿಬಿದ್ದದ್ದೂ ಉಂಟು. ದುಡ್ಡಿನಲ್ಲೂ ಎರಡು ಬಗೆ. ನಿಜಾಮರದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ್. ಸರಿಸುಮಾರು 7 ಹಾಲಿ ಸಿಕ್ಕಾಗೆ 6 ಕಲ್ದಾರ್. ಒಂದು ಖಾತೆಯಲ್ಲಿ ರಾಯಚೂರಿನ ಕೂಲಿ ಬಳ್ಳಾರಿಗಿಂತ ಜಾಸ್ತಿ ಅಂತ ಕಂಡು ನಾವು ಖುಷಿಪಟ್ಟಿದ್ದೆವು. ಆಮೇಲೆ ಪಕ್ಕದಲ್ಲಿ ಸಣ್ಣಗೆ "ಹಾಲಿ" ಅಂತ ಬರೆದದ್ದು ಕಾಣಿಸಿತು. ಕಲ್ದಾರಿಗೆ ತಿರುಗಿಸಿದರೆ ಎರಡೂ ಹತ್ತಿರ ಹತ್ತಿರ ಒಂದೇ. 1957ರ ಏಪ್ರಿಲ್‌ಗಿಂತ ಹಿಂದಿನದೆಲ್ಲ ರೂಪಾಯಿ, ಆಣೆ, ಪೈ ಲೆಕ್ಕ ಅನ್ನೋದೂ ನೆನಪಿರಲಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ.

ಉರ್ದು ಓದುವವರನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮಗೆ ನಿವೃತ್ತ ಉರ್ದು ಮೇಷ್ಟ್ರೊಬ್ಬರು ಸಿಕ್ಕರು. ಅವರೂ ಮೊದಲ ದಿನ ಕೈಚೆಲ್ಲಿದರು, ಯಾಕೆಂದರೆ ಕಚೇರಿಯ ಶಿಕಸ್ತಾ ಬರವಣಿಗೆಯಲ್ಲಿ ಅಕ್ಷರ ಒಂದಕ್ಕೊಂದು ಅಂಟಿಕೊಂಡು ಓಡುತ್ತವೆ. ಎರಡು ವಾರ ಕೂತ ಮೇಲೆ ಕೈ ಹಿಡಿಯಿತು. ಅವರೇ ಓದಿ ತೋರಿಸಿದ್ದು: ಪ್ರತಿ ವರ್ಷ ಪೀರಲ ಹಬ್ಬಕ್ಕೆ (ಮೊಹರಂ) ಇಷ್ಟು, ಆಯುಧ ಪೂಜೆಗೆ ಇಷ್ಟು ಅಂತ ಮಿಲ್ಲಿನಿಂದ ಕೊಟ್ಟ ಲೆಕ್ಕ, ಎರಡೂ ಒಂದೇ ಪುಟದಲ್ಲಿ.

ನಿಮ್ಮ ಹತ್ತಿರ ಇಲ್ಲದ್ದು ಬೇರೆ ಕಡೆ ಇರಬಹುದು. ರಾಯಚೂರು, ಕೊಪ್ಪಳದ ಹಳೇ ಪರವಾನಗಿ ಕಾಗದಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರ, ಬಳ್ಳಾರಿಯದಕ್ಕೆ ಚೆನ್ನೈನ ಎಗ್ಮೋರ್ ಪತ್ರಾಗಾರ. ರೈಲಿನ ವಿಷಯಕ್ಕೂ ಹೀಗೇ. ಬೊಂಬಾಯಿ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಹತ್ತಿ ಗಿರಣಿ ಸ್ಟೇಷನ್ ಪಕ್ಕದಲ್ಲೇ ಯಾಕೆ ಎದ್ದವು ಅನ್ನೋದಕ್ಕೆ ಇನ್ನೇನು ಬೇಕು?

ಹಂತ 5: ಕೋಣೆ, ಬಿಸಿಲು, ಗೆದ್ದಲು

ಪುಸ್ತಕಗಳಲ್ಲಿ 20ರಿಂದ 22 ಡಿಗ್ರಿ, ತೇವಾಂಶ ಶೇ 45ರಿಂದ 55 ಅಂತ ಬರೆದಿರುತ್ತಾರೆ. ಮೇ ತಿಂಗಳಲ್ಲಿ 42 ಡಿಗ್ರಿ ಕಾಯುವ ಊರಿನಲ್ಲಿ ಅದನ್ನು ಓದಿದರೆ ನಗು ಬರುತ್ತದೆ. ಮುಖ್ಯ ಏನೆಂದರೆ ಏರಿಳಿತ ಇರಬಾರದು. ಹಗಲು ಎಸಿ ಹಾಕಿ ರಾತ್ರಿ ಆರಿಸುವುದಕ್ಕಿಂತ ಎಸಿ ಇಲ್ಲದಿರುವುದೇ ಮೇಲು. ಕಾಗದ ದಿನಾ ಹಿಗ್ಗಿ ಕುಗ್ಗಿ ಪುಡಿಯಾಗುತ್ತದೆ.

ನೆಲಮಹಡಿಯ ಒಳಕೋಣೆ ಆರಿಸಿ, ಪಡುವಣ ಗೋಡೆಗೆ ತಾಗಿರಬಾರದು. ಹಳೇ ಮಣ್ಣಿನ ಮಾಳಿಗೆ ಇರುವ ಕಟ್ಟಡ ತಂಪಾಗಿರುತ್ತದೆ ನಿಜ, ಆದರೆ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ನೋಡದಿದ್ದರೆ ಸೋರುತ್ತದೆ. ನಮಗೆ ಒಂದು ರಾತ್ರಿಯ ಮಳೆಗೆ ಹನ್ನೊಂದು ಬೇಲ್ ರಿಜಿಸ್ಟರ್ ಹೋದವು. ಕಟ್ಟಿಗೆಯ ಕಪಾಟು ಬೇಡ, ಕಬ್ಬಿಣದ ರ‍್ಯಾಕ್ ಇರಲಿ. ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ. ಗೆದ್ದಲಿನ ಮಣ್ಣಿನ ಗೆರೆ ಕಣ್ಣಿಗೆ ಬೀಳಬೇಕಲ್ಲ.

ಸಂಡೂರು, ತೋರಣಗಲ್ಲು ಕಡೆಯವರಿಗೆ ಕೆಂಪು ಧೂಳಿನ ಕಾಟ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಲೆ ಕೂತರೆ ಹೋಗುವುದಿಲ್ಲ. ಮೆತ್ತನೆ ಬ್ರಷ್ ತಗೊಂಡು ನಡುವಿನಿಂದ ಅಂಚಿನ ಕಡೆಗೆ ಗುಡಿಸಿ, ಮಾಸ್ಕ್ ಹಾಕಿಕೊಳ್ಳಿ.

ತುಕ್ಕು ಹಿಡಿದ ಟಾಚಣಿ, ಸ್ಟೇಪಲ್ ನಿಧಾನವಾಗಿ ತೆಗೆಯಿರಿ. ರಬ್ಬರ್ ಬ್ಯಾಂಡ್ ಬದಲು ಹತ್ತಿಯ ಲಾಡಿ ಕಟ್ಟಿ. ಹತ್ತಿ ಮಿಲ್ಲಿನವರಿಗೆ ಲಾಡಿ ಹುಡುಕುವ ಕಷ್ಟ ಇರಲ್ಲ ಬಿಡಿ. ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಮಿಲ್ಲಿನ ಮೊದಲ ಗುತ್ತಿಗೆ ಪತ್ರವನ್ನು ಯಾರೋ ಪ್ರೀತಿಯಿಂದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದರು. ಈಗ ಅದು ಒಳಗೇ ಕಂದುತ್ತಿದೆ, ಬಿಡಿಸಲು ಆಗುತ್ತಿಲ್ಲ.

ಹುಳ ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಕಟ್ಟಿ, ಐಸ್‌ಕ್ರೀಮ್ ಅಂಗಡಿಯವರು ಇಟ್ಟುಕೊಳ್ಳುವಂಥ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬೇಡಿ. ಫೋಟೋ ಮತ್ತು ಗಾಜಿನ ನೆಗೆಟಿವ್‌ಗಳಿಗೆ ಈ ಉಪಾಯ ಬೇಡ.

ಯಂತ್ರದ ನೀಲಿ ನಕ್ಷೆಗಳನ್ನು ಕತ್ತಲಲ್ಲಿ, ಮಡಿಸದೆ ಇಡಿ. ಬೆಳಕಿಗೆ ಬಣ್ಣ ಹೋಗುತ್ತದೆ. ಬೇರೆ ಕಾಗದಕ್ಕೆ ಒಳ್ಳೆಯದಾದ ಕ್ಷಾರ ಸೇರಿಸಿದ ಡಬ್ಬಿಯೂ ಇವಕ್ಕೆ ಕೆಟ್ಟದ್ದು. ಹಳೇ ಫಿಲ್ಮ್ ಡಬ್ಬಿ ತೆರೆದಾಗ ವಿನೆಗರ್‌ನ ಹುಳಿ ವಾಸನೆ ಬಂದರೆ ಅದು ಕೊಳೆಯುತ್ತಿದೆ ಅಂತ ಅರ್ಥ, ಉಳಿದವುಗಳಿಂದ ಬೇರೆ ಇಟ್ಟು ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಿ.

ಹಂತ 6: ಸ್ಕ್ಯಾನ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದನ್ನೇ ಎಲ್ಲರೂ ಮೊದಲು ಮಾಡಲು ಹೊರಡುತ್ತಾರೆ. ಪಟ್ಟಿ ಇಲ್ಲದೆ ಮಾಡಿದ ಸ್ಕ್ಯಾನ್ ಅಂದರೆ ಕಂಪ್ಯೂಟರಿನೊಳಗಿನ ರದ್ದಿ.

ಬರವಣಿಗೆಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನೋ ಲೆಕ್ಕ), ಫೋಟೋಗೆ 600. ಮೂಲ ಪ್ರತಿ ಟಿಫ್‌ನಲ್ಲಿ, ಜನರಿಗೆ ಕೊಡಲು ಜೆಪೆಗ್ ಅಥವಾ ಪಿಡಿಎಫ್. ಎ4 ಅಳತೆಯ ಒಂದು ಬಣ್ಣದ ಪುಟ 300 ಡಿಪಿಐನಲ್ಲಿ ಸುಮಾರು 26 ಎಂಬಿ, ಅಂದರೆ 40,000 ಪುಟಕ್ಕೆ 1 ಟಿಬಿ ಬೇಕು. ದಪ್ಪ ಖಾತೆ ಪುಸ್ತಕವನ್ನು ಫ್ಲಾಟ್‌ಬೆಡ್ ಮೇಲೆ ಒತ್ತಿದರೆ ಬೆನ್ನು ಮುರಿಯುತ್ತದೆ, ಮೇಲಿನಿಂದ ಕ್ಯಾಮೆರಾ ಇಟ್ಟು ತೆಗೆಯಿರಿ. ಮೂರು ಪ್ರತಿ ಇರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಅಚ್ಚಾದ ಕನ್ನಡವನ್ನು ಟೆಸ್ಸರಾಕ್ಟ್ ಸಾಫ್ಟ್‌ವೇರ್ ತಕ್ಕಮಟ್ಟಿಗೆ ಓದುತ್ತದೆ. ಕೈಬರಹಕ್ಕೆ ಮನುಷ್ಯರೇ ಬೇಕು.

ಹಂತ 7: ಬಿಲ್ಲೆ 214

ಹಾಜರಿ ಪುಸ್ತಕದ ಜತೆ ಒಂದು ಡಬ್ಬಿಯಲ್ಲಿ ಹಿತ್ತಾಳೆ ಬಿಲ್ಲೆಗಳು ಸಿಕ್ಕವು. ರೂಪಾಯಿಗಿಂತ ಸ್ವಲ್ಪ ದೊಡ್ಡವು, ಮೇಲೆ ತೂತು, ನಡುವೆ ನಂಬರು. ಅಂಚು ಸವೆದು ನುಣ್ಣಗಾಗಿದ್ದವು. ಏನಿರಬಹುದು ಅಂತ ಗೊತ್ತಿತ್ತು, ಹೇಗೆ ಬಳಸುತ್ತಿದ್ದರು ಅನ್ನೋದು ಯಾವ ಕಾಗದದಲ್ಲೂ ಇರಲಿಲ್ಲ.

ಜಿನ್‌ನಲ್ಲಿ ಹತ್ತಿ ಉಣಿಸುವ ಕೆಲಸ ಮಾಡಿದ ಒಬ್ಬ ಅವ್ವನ ಹತ್ತಿರ ಹೋದೆವು. ಬಿಲ್ಲೆ ಕೈಗೆ ಕೊಟ್ಟರೆ ಆಕೆ ನೋಡಲಿಲ್ಲ, ಹೆಬ್ಬೆರಳಿನಿಂದ ಉಜ್ಜಿದಳು. "ಹೆಸರು ಯಾರು ಕೇಳ್ತಿದ್ರು ಬಿಡಪ್ಪ, ಇನ್ನೂರಾ ಹದಿನಾಕು ಅಂತಾನ ಕರೀತಿದ್ರು" ಅಂದಳು. ಬೆಳಗ್ಗೆ ಗೇಟಿನ ಹಲಗೆಯಿಂದ ಬಿಲ್ಲೆ ತಗೊಂಡು ಒಳಗೆ ಹೋಗಬೇಕು, ಸಂಜೆ ವಾಪಸ್ ಮೊಳೆಗೆ ಹಾಕಬೇಕು. ಹಲಗೆಯಲ್ಲೇ ಉಳಿದರೆ ಗೈರು. ಬಟವಾಡೆ ದಿನ ಬಿಲ್ಲೆ ತೋರಿಸಿದರೇ ಕೂಲಿ. ಕಳೆದರೆ ನಾಲ್ಕಾಣೆ ದಂಡ. ಮಾತಾಡುವಾಗ ಆಕೆಗೆ ಪದೇ ಪದೇ ಕೆಮ್ಮು. ಅರಳೆಯ ಧೂಳು ಅಂತ ಆಕೆಯೇ ಹೇಳಿದಳು. ಅದನ್ನೂ ರೆಕಾರ್ಡಿನಲ್ಲಿ ಹಾಗೇ ಬಿಟ್ಟಿದ್ದೇವೆ, ಕತ್ತರಿಸಿಲ್ಲ. ವಾಪಸ್ ಬಂದು ಹಾಜರಿ ಪುಸ್ತಕ ತೆಗೆದರೆ 214ರ ಮುಂದೆ ಆಕೆಯ ಹೆಸರಿತ್ತು, ಬೇರೆ ಕಾಗುಣಿತದಲ್ಲಿ.

ಮಾತು ದಾಖಲಿಸುವಾಗ ಒಪ್ಪಿಗೆ ಮೊದಲು. ಓದಲು ಬಾರದವರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳಿ, "ಹ್ಞೂಂ" ಅಂದದ್ದನ್ನೂ ರೆಕಾರ್ಡ್ ಮಾಡಿ. ಯಾವಾಗ ಬೇಕಾದರೂ ಬೇಡ ಅನ್ನಬಹುದು ಅಂತ ತಿಳಿಸಿ. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್. ಫ್ಯಾನ್ ಆರಿಸಬೇಕು, ಬೇಸಿಗೆಯಲ್ಲಿ ಇದೇ ಕಷ್ಟದ ಭಾಗ. ಅದಕ್ಕೇ ಬೆಳಗ್ಗೆ ಏಳಕ್ಕೆ ಹೋಗಿ. ಮ್ಯಾನೇಜರನ್ನು ಜತೆಗೆ ಕರೆದೊಯ್ಯಬೇಡಿ. ಅವರು ಪಕ್ಕದಲ್ಲಿ ಕೂತರೆ ಎಲ್ಲರಿಗೂ ಎಲ್ಲವೂ ಚೆನ್ನಾಗಿಯೇ ಇತ್ತು.

ಸಂಸ್ಕೃತಿ ಅನ್ನೋದೂ ಇಲ್ಲೇ ಬರುತ್ತದೆ. ಕಾರ್ಮಿಕರ ಕಾಲೋನಿಯ ಹಬ್ಬ, ಹತ್ತಿ ಬಿಡಿಸುವಾಗಿನ ಹಾಡು, ಬೇಲಿನ ಮೇಲೆ ಗುರುತು ಹಾಕುವ ತಗಡಿನ ಅಚ್ಚು. ಗಣಿ ಕಡೆಯವರಾದರೆ ಸಂಡೂರಿನ ಲಂಬಾಣಿ ಕಸೂತಿಯವರು, ಕೊಪ್ಪಳದವರಾದರೆ ಮರದ ಬೊಂಬೆ ಮಾಡುವ ಕಿನ್ನಾಳದ ಚಿತ್ರಗಾರರು ನಿಮ್ಮ ನೆರೆಯವರು. ಅವರಿಗೆ ಸ್ಟಾಲ್ ಹಾಕಿ ಕೊಡುವುದು ಬೇರೆ, ಅವರ ಕೆಲಸದ ಕ್ರಮವನ್ನು ದಾಖಲಿಸುವುದು ಬೇರೆ. ಪ್ರತಿಷ್ಠಾನದ ಕೆಲಸ ಎರಡನೆಯದು.

ಹಂತ 8: ಬಾಗಿಲು ತೆರೆಯುವುದು

ವಾರಕ್ಕೆ ಎರಡು ದಿನ ತೆರೆದರೆ ಸಾಕು. ಒಂದು ಟೇಬಲ್, ಪೆನ್ಸಿಲ್ ಮಾತ್ರ, ನೀರಿನ ಬಾಟಲಿ ಹೊರಗೆ. ಸಂಬಳ, ಕಾಯಿಲೆ, ಶಿಸ್ತುಕ್ರಮದ ಕಡತಗಳಲ್ಲಿ ಬದುಕಿರುವವರ ವಿವರ ಇರುತ್ತದೆ. ಅವನ್ನು ಇಂತಿಷ್ಟು ವರ್ಷ ತೆರೆಯುವುದಿಲ್ಲ ಅಂತ ಮೊದಲೇ ಬರೆದು ಗೋಡೆಗೆ ಹಚ್ಚಿ. ಮನೆಯವರು ತಮ್ಮ ಹಿರಿಯರ ಹಾಜರಿ ಕೇಳಿಕೊಂಡು ಬಂದರೆ ಆ ಪುಟದ ಪ್ರತಿ ಪುಕ್ಕಟೆ ಕೊಡಿ. ನಮ್ಮಲ್ಲಿ ಪಿಎಚ್‌ಡಿ ಮಾಡುವವರಿಗಿಂತ ಅವರೇ ಜಾಸ್ತಿ ಬರುತ್ತಾರೆ.

ಮ್ಯೂಸಿಯಂ? ಮೂರನೇ ವರ್ಷ ಒಂದು ಕೋಣೆ ಮಾಡಿ. ಒಂದು ಜಿನ್, ಗೇಟಿನ ಆ ಹಲಗೆ, ಬಿಲ್ಲೆಗಳು, ಎರಡು ಬಗೆಯ ನಾಣ್ಯ, ಆ ಅವ್ವನ ದನಿ. ಮೂಲ ಕಾಗದವನ್ನು ಬೆಳಕಿಗೆ ಇಡಬೇಡಿ, ಒಳ್ಳೆಯ ನಕಲು ಇಡಿ.

ಇನ್ನೊಂದು ಮಾತು. ನಿಮ್ಮ ಊರಿನ ಗುಜರಿ ಅಂಗಡಿಗಳಿಗೆಲ್ಲ ನಿಮ್ಮ ಫೋನ್ ನಂಬರ್ ಕೊಡಿ, ರದ್ದಿ ರೇಟಿಗಿಂತ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಡ್ತೀವಿ ಅನ್ನಿ. ಅವತ್ತು ಎರಡು ಗಾಡಿ ಒಯ್ದವನೇ ಈಗ ನಮಗೆ ಫೋನ್ ಮಾಡುತ್ತಾನೆ. ಕಳೆದ ವಾರ ಕೊಪ್ಪಳ ಕಡೆಯಿಂದ ಮಾಡಿದ್ದ, ಯಾವುದೋ ಮುಚ್ಚಿದ ಮಿಲ್ಲಿನ ಕೆಂಪು ಬಟ್ಟೆಯ ಖಾತೆಗಳಂತೆ. "ತಕ್ಕಡಿಗೆ ಇನ್ನಾ ಹಾಕಿಲ್ರೀ, ಬರ್ತೀರೇನು?"